ಹುಲ್ಲುಹಾಸಿಗೆ ಬಾಳಿಕೆಯ ಮರದ ಅಂಚುಪಟ್ಟಿ

ಬೆಂಗಳೂರಿನ ಪಶ್ಚಿಮಕ್ಕೆ, ನಾಗರಭಾವಿಯ ಬಳಿಯ ಅನ್ನಪೂರ್ಣೇಶ್ವರಿ ನಗರದಂತಹ ಬಡಾವಣೆಗಳಲ್ಲಿ ಮನೆಯ ಮುಂದಿನ ಜಾಗ ಚಿಕ್ಕದು. ಅಷ್ಟರಲ್ಲೇ ಹುಲ್ಲುಹಾಸು, ಹೂವಿನ ಮಡಿ ಎರಡೂ ಹೊಂದಬೇಕು. ಗರಿಕೆ ನೆಲದ ಮೇಲಿನ ಬಳ್ಳಿಗಳಿಂದಲೂ ನೆಲದೊಳಗಿನ ಗೆಣ್ಣುಕಾಂಡಗಳಿಂದಲೂ ಹರಡುವುದರಿಂದ, ತಡೆಯಿಲ್ಲದಿದ್ದರೆ ಬೇಗನೆ ಹೂವಿನ ಮಡಿಗೆ ನುಗ್ಗುತ್ತದೆ. ಇದಕ್ಕೆ ಮರದ ಅಂಚುಪಟ್ಟಿ ಒಳ್ಳೆಯ ಉಪಾಯ. ಆದರೆ ಸರಿಯಾದ ಮರ ಆರಿಸದೆ ಕಟ್ಟಿದ ಅಂಚು ಕೆಲವೇ ಮಳೆಗಾಲಗಳಲ್ಲಿ ಕುಸಿದು, ಹಾಕಿದ ಹಣವೆಲ್ಲ ಮಣ್ಣುಪಾಲಾಗುತ್ತದೆ. ತೋಟದ ಕೆಲಸ ವಹಿಸಿಕೊಳ್ಳುವ ನರ್ಸರಿ ರೈತರು ಇದನ್ನು ಮುಖ್ಯವಾಗಿ ಗಮನಿಸಬೇಕು.

ಮರ ಹಾಳಾಗುವುದು ಎಲ್ಲಿ?

ಮರವನ್ನು ಕೊಳೆಸುವ ಶಿಲೀಂಧ್ರಗಳಿಗೆ ತೇವ, ಗಾಳಿ ಎರಡೂ ಬೇಕು. ಆಳದಲ್ಲಿ ಗಾಳಿ ಕಡಿಮೆ. ನೆಲದ ಮೇಲಿನ ಭಾಗ ಬಿಸಿಲಿಗೆ ಒಣಗುತ್ತದೆ. ನೆಲಮಟ್ಟದಿಂದ ಒಂದು ಗೇಣು ಆಳದವರೆಗೆ ಎರಡೂ ದೊರೆಯುವುದರಿಂದ ಗೂಟ ಮೊದಲು ಮುರಿಯುವುದು ಅಲ್ಲಿಯೇ. ಕೆಂಪು ಮಣ್ಣಿನಲ್ಲಿ ಗೆದ್ದಲಿನ ಕಾಟವೂ ಸೇರುತ್ತದೆ. ಮನೆ ಕಟ್ಟುವಾಗ ಮಣ್ಣಿನಲ್ಲಿ ಮುಚ್ಚಿಹೋದ ಸೆಂಟ್ರಿಂಗ್ ಹಲಗೆಯ ಚೂರುಗಳು, ಹಳೆಯ ಬೇರುಗಳು ಇದ್ದರೆ ಗೆದ್ದಲಿಗೆ ಅವೇ ಆಹಾರ. ಮೊದಲು ಇವನ್ನೆಲ್ಲ ಅಗೆದು ತೆಗೆಯಬೇಕು.

ಮರದ ಆಯ್ಕೆ

ನಮ್ಮ ದೇಶದಲ್ಲಿ ಮರದ ಬಾಳಿಕೆಯನ್ನು ಅಳೆಯಲು 60 ಸೆಂ.ಮೀ. ಉದ್ದ, 5 ಸೆಂ.ಮೀ. ಚದರದ ಗೂಟಗಳನ್ನು ಅರ್ಧದಷ್ಟು ಹೂಳಿ ನೋಡುವ ಪದ್ಧತಿಯಿದೆ. ಸರಾಸರಿ 120 ತಿಂಗಳು ಅಥವಾ ಹೆಚ್ಚು ಬಾಳಿದರೆ ಒಂದನೆಯ ದರ್ಜೆ. 60 ರಿಂದ 120 ತಿಂಗಳಾದರೆ ಎರಡನೆಯದು. ಅದಕ್ಕೂ ಕಡಿಮೆಯಾದರೆ ಮೂರನೆಯದು. ತೇಗ, ಹೊನ್ನೆ ಮರಗಳ ಚೇಗು ಒಂದನೆಯ ದರ್ಜೆಯದು. ಮಾವು ಮೂರನೆಯ ದರ್ಜೆಯದು.

ಈ ದರ್ಜೆ ಚೇಗಿಗೆ ಮಾತ್ರ ಎಂಬುದನ್ನು ಮರೆಯಬಾರದು. ತೊಗಟೆಯ ಒಳಗಿನ ಬಿಳಿ ಭಾಗ ಯಾವ ಮರದ್ದಾದರೂ ಬೇಗ ಕೊಳೆಯುತ್ತದೆ. ತೋಟದಲ್ಲಿ ಎಳೆಯ ತೇಗ ಸವರಿದಾಗ ಸಿಗುವ ಸಣ್ಣ ಗಳುಗಳಲ್ಲಿ ಬಿಳಿ ಭಾಗವೇ ಹೆಚ್ಚು. ತೇಗವೆಂಬ ಹೆಸರಿಗೆ ಮಾರುಹೋಗಿ ಅವನ್ನು ಹಾಗೆಯೇ ನೆಡಕೂಡದು.

ಔಷಧೋಪಚಾರ

ಚೇಗುಮರ ದುಬಾರಿಯೆನಿಸಿದರೆ, ಒತ್ತಡದಿಂದ ಔಷಧ ಏರಿಸಿದ ಸರ್ವೆ ಅಥವಾ ನೀಲಗಿರಿ ಗಳುಗಳನ್ನು ಗೂಟಕ್ಕೆ ಬಳಸಬಹುದು. ಇವುಗಳ ಬಿಳಿ ಭಾಗ ಔಷಧವನ್ನು ಚೆನ್ನಾಗಿ ಹೀರುತ್ತದೆ. ತುದಿ ಚೂಪು ಮಾಡುವುದು, ರಂಧ್ರ ಕೊರೆಯುವುದು ಉಪಚಾರಕ್ಕೆ ಮೊದಲೇ ಮುಗಿಯಬೇಕು. ನಂತರ ಕತ್ತರಿಸಿದರೆ ಔಷಧ ಮುಟ್ಟದ ಒಳಭಾಗ ತೆರೆದುಕೊಳ್ಳುತ್ತದೆ. ಬೋರಾಕ್ಸ್ ದ್ರಾವಣ ಮಳೆಗೆ ತೊಳೆದುಹೋಗುವುದರಿಂದ ನೆಲಕ್ಕೆ ತಾಗುವ ಮರಕ್ಕೆ ಅದೊಂದೇ ಸಾಲದು.

ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಔಷಧವನ್ನು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೋಂಟಿ ಕಾಮೇಶಂ ಅವರು 1933ರಲ್ಲಿ ರೂಪಿಸಿದರು. ಇದು ಬಹಳ ಪರಿಣಾಮಕಾರಿ. ಆದರೆ ಆರ್ಸೆನಿಕ್ ವಿಷ. ಈ ಮರವನ್ನು ತರಕಾರಿ ಮಡಿಯ ಪಕ್ಕದಲ್ಲಿ, ಮಕ್ಕಳು ಆಡುವೆಡೆಯಲ್ಲಿ ಬಳಸಬಾರದು; ಚೂರುಗಳನ್ನು ಒಲೆಗೆ ಹಾಕಲೇಬಾರದು. ಹಿಂದೆ ಗೆದ್ದಲಿಗೆ ಬಳಸುತ್ತಿದ್ದ ಆಲ್ಡ್ರಿನ್, ಕ್ಲೋರ್ಡೇನ್‌ಗಳನ್ನು ಭಾರತದಲ್ಲಿ 1996ರಲ್ಲಿ ನಿಷೇಧಿಸಲಾಗಿದೆ. ಇಂಜಿನ್ನಿನ ಹಳೆಯ ಎಣ್ಣೆಯೂ ಬೇಡ. ಅದು ಮಣ್ಣನ್ನು ಕೆಡಿಸುತ್ತದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇಂತಹ ವಿಷಯಗಳಲ್ಲಿಯೇ ಸಂಶೋಧನೆ ನಡೆಸುತ್ತದೆ.

ಬೇಕಾಗುವ ಸಾಮಗ್ರಿ

4 ಮೀ. ಉದ್ದ, 3 ಮೀ. ಅಗಲದ ಹುಲ್ಲುಹಾಸಿನ ಸುತ್ತಳತೆ 14 ಮೀ. ಇದಕ್ಕೆ:

1. 15 ಸೆಂ.ಮೀ. ಅಗಲ, 4 ಸೆಂ.ಮೀ. ದಪ್ಪದ ಹಲಗೆ – 14 ಮೀ. (ಸುಮಾರು 3 ಘನ ಅಡಿ).
2. 60 ಸೆಂ.ಮೀ. ಉದ್ದ, 5 ಸೆಂ.ಮೀ. ಚದರದ ಗೂಟ – 22 (ಸುಮಾರು 1.2 ಘನ ಅಡಿ). ಉದ್ದದ ಬದಿಯಲ್ಲಿ 80 ಸೆಂ.ಮೀ., ಅಗಲದ ಬದಿಯಲ್ಲಿ 75 ಸೆಂ.ಮೀ. ಅಂತರ, ಪ್ರತಿ ಮೂಲೆಗೆ ಎರಡು.
3. ಗೂಟಕ್ಕೆ ಎರಡರಂತೆ ಸತು ಲೇಪಿಸಿದ ಸ್ಕ್ರೂ, ಮತ್ತು ಸಣ್ಣ ಜಲ್ಲಿ.

ಹಲಗೆಗೆ ನಡುವೆ ಜೋಡಣೆ ಬಂದರೆ ಅಲ್ಲಿಗೊಂದು ಗೂಟ ಹೆಚ್ಚು ಬೇಕು.

ಕಟ್ಟುವ ಕ್ರಮ

ದಾರ ಕಟ್ಟಿ ಗುರುತು ಹಾಕಿ, 15 ಸೆಂ.ಮೀ. ಅಗಲ, 15 ಸೆಂ.ಮೀ. ಆಳದ ಚರ ತೆಗೆಯಬೇಕು. ತಳದಲ್ಲಿ 3 ಸೆಂ.ಮೀ. ಜಲ್ಲಿ ಹರಡಬೇಕು. ಹಲಗೆ 12 ಸೆಂ.ಮೀ. ಮಣ್ಣಿನೊಳಗಿದ್ದು 3 ಸೆಂ.ಮೀ. ಮೇಲೆ ಕಾಣುವಂತೆ, ರಸಮಟ್ಟ ನೋಡಿ ಕೂರಿಸಬೇಕು. ಗೂಟಗಳನ್ನು ಹೂವಿನ ಮಡಿಯ ಬದಿಗೆ ಬಡಿಯಬೇಕು. ನೆಲ ಗಟ್ಟಿಯಿದ್ದರೆ ಮೊದಲು ಹಾರೆಯಿಂದ ಕುಳಿ ಮಾಡಿಕೊಳ್ಳುವುದು ಒಳ್ಳೆಯದು. ಗೂಟದ ತಲೆ ಹಲಗೆಯ ಮೇಲಂಚಿಗಿಂತ 2 ಸೆಂ.ಮೀ. ತಗ್ಗಿದ್ದು, ನೀರು ಜಾರುವಂತೆ ಓರೆಯಾಗಿರಲಿ. ಚೇಗುಮರಕ್ಕೆ ಬೈರಿಗೆಯಿಂದ ರಂಧ್ರ ಕೊರೆದ ನಂತರವೇ ಸ್ಕ್ರೂ ಬಿಗಿಯಬೇಕು; ಇಲ್ಲವಾದರೆ ಹಲಗೆ ಸೀಳುತ್ತದೆ.

ಗೂಟದ ಸುತ್ತ ಕಾಂಕ್ರೀಟು ಹಾಕಿದರೆ ಗಟ್ಟಿಯೆಂಬ ಭಾವನೆಯುಂಟು. ಆದರೆ ಮರ ಒಣಗಿ ಕುಗ್ಗಿದಾಗ ಕಾಂಕ್ರೀಟಿನ ನಡುವೆ ಸಂದಾಗಿ, ಅಲ್ಲಿ ನೀರು ನಿಂತು ಕೊಳೆಯುವಿಕೆ ಹೆಚ್ಚುತ್ತದೆ. ಮಣ್ಣನ್ನೇ ದಮ್ಮಸು ಮಾಡಿದರೆ ಸಾಕು. ಹುಲ್ಲುಹಾಸಿಗೆ 100ಕ್ಕೆ 1ರಂತೆ ಇಳಿಜಾರು ಕೊಟ್ಟು, ತಗ್ಗಿನ ಮೂಲೆಯಲ್ಲಿ ಹಲಗೆಗಳ ನಡುವೆ 2 ಸೆಂ.ಮೀ. ಸಂದು ಬಿಟ್ಟು ಜಲ್ಲಿ ತುಂಬಬೇಕು.

ಪಾಲನೆ

ತಿಂಗಳಿಗೊಮ್ಮೆ ಗೆದ್ದಲಿನ ಮಣ್ಣಿನ ಕೊಳವೆ ಹತ್ತಿದೆಯೇ ಎಂದು ನೋಡಿ, ಕಂಡರೆ ಕೆರೆದು ತೆಗೆಯಬೇಕು. ಹಲಗೆಯ ಮೇಲಂಚು ಸದಾ ಕಾಣುತ್ತಿರಬೇಕು. ಮಣ್ಣು, ತರಗು ಅದರ ಮೇಲೇರಿದರೆ ಗೆದ್ದಲು ಬಂದದ್ದೇ ತಿಳಿಯದು. ಮಳೆಗಾಲಕ್ಕೆ ಮೊದಲು ಪ್ರತಿ ಗೂಟದ ನೆಲಮಟ್ಟದ ಭಾಗವನ್ನು ಉಳಿಯ ತುದಿಯಿಂದ ಚುಚ್ಚಿ ನೋಡಿ, ಮೆತ್ತಗಿದ್ದುದನ್ನು ಬದಲಿಸಬೇಕು. ಒಂದು ಗೂಟ ಬದಲಿಸುವ ಖರ್ಚು ಅಲ್ಪ. ಅದನ್ನು ಬಿಟ್ಟರೆ ಅದರ ಪಕ್ಕದ ಹಲಗೆಯೂ ಬಾಗುತ್ತದೆ. ಹೊಲದ ಬೇಲಿಯ ಗೂಟ, ಚಪ್ಪರದ ಗೂಟಗಳಿಗೂ ಇದೇ ನಿಯಮಗಳು ಅನ್ವಯಿಸುತ್ತವೆ.