ಲಾಗ್ ಖಾಲಿ, ದೂರು ಇಲ್ಲ

ಈ ಸಲ ಜೀವಕೋಶವೂ ಇಲ್ಲ, ಜೀನೂ ಇಲ್ಲ. ನಮ್ಮದೇ ಒಂದು ಎಡವಟ್ಟಿನ ಕತೆ, ಜೊತೆಗೆ ಒಂದಿಷ್ಟು ಪೈಥಾನ್ ಪಾಠ.

ಐರ್ಲೆಂಡಿನ ಡನ್‌ಡಾಕ್ ಕೊಲ್ಲಿಯಲ್ಲಿ ಇಳಿತದ ಹೊತ್ತಿಗೆ ಕಣ್ಣು ಹಾಯುವಷ್ಟು ದೂರ ಕೆಸರು ಬಯಲು ತೆರೆದುಕೊಳ್ಳುತ್ತೆ. ಚಳಿಗಾಲದಲ್ಲಿ ಸಾವಿರಾರು ವಲಸೆ ಹಕ್ಕಿಗಳು ಅಲ್ಲಿ ಮೇಯುತ್ತವೆ. ಆ ಕೆಸರಿನಲ್ಲಿ ನಾವು ಉಷ್ಣತೆ ಅಳೆಯುವ ಸೆನ್ಸರ್ ಇಟ್ಟಿದ್ದೆವು. ಹತ್ತು ನಿಮಿಷಕ್ಕೊಮ್ಮೆ ಒಂದು ಪುಟ್ಟ ಕಂಪ್ಯೂಟರ್ ಅಂಕಿಯನ್ನು ಫೈಲಿಗೆ ಬರೆಯುತ್ತಿತ್ತು. ಸೆನ್ಸರ್ ಆಗ ನೀರೊಳಗಿತ್ತೋ, ಗಾಳಿಗೆ ತೆರೆದಿತ್ತೋ ಅನ್ನೋದು ಮಾತ್ರ ಲಾಗ್‌ನಲ್ಲಿ 'ಇನ್ಫೋ' ಮಟ್ಟದ ಸಂದೇಶವಾಗಿ ಹೋಗುತ್ತಿತ್ತು. ಅಷ್ಟು ಮುಖ್ಯವಾದದ್ದನ್ನು ಅಂಕಿಯ ಪಕ್ಕದಲ್ಲೇ ಬರೆಸಬೇಕಿತ್ತು, ಬಿಡಿ.

ಮೂರು ವಾರ ಬಿಟ್ಟು ನೋಡಿದರೆ ಅಂಕಿಗಳೆಲ್ಲಾ ಇವೆ, ಲಾಗ್ ಖಾಲಿ! ನೀರಿನ ಉಷ್ಣತೆ ಯಾವುದು, ಗಾಳಿಯದು ಯಾವುದು?

ಆಗಿದ್ದಿಷ್ಟು. ಲಾಗ್ ಎಲ್ಲಿ, ಹೇಗೆ ಬರೆಯಬೇಕು ಅನ್ನೋ ಸೂಚನೆ ಒಂದು ಕಾನ್ಫಿಗರೇಶನ್ ಫೈಲಿನಲ್ಲಿತ್ತು. ನಾವು ಕೈಯಾರೆ ಓಡಿಸಿ ನೋಡಿದಾಗ ಪ್ರೋಗ್ರಾಮಿನ ಫೋಲ್ಡರಿನಲ್ಲೇ ಇದ್ದೆವು, ಫೈಲ್ ಸಿಕ್ಕಿತು. ಆಮೇಲೆ ಹೊತ್ತುಹೊತ್ತಿಗೆ ಓಡಿಸುವ ಕೆಲಸವನ್ನು 'ಕ್ರಾನ್'ಗೆ ಒಪ್ಪಿಸಿದೆವು. ಅದು ಶುರುವಾಗೋದು ಬಳಕೆದಾರರ ಹೋಮ್ ಫೋಲ್ಡರಿನಿಂದ. ಅಲ್ಲಿ ಫೈಲ್ ಎಲ್ಲಿರಬೇಕು? ಪ್ರೋಗ್ರಾಂ ನಿಲ್ಲಬಾರದು ಅಂತ ಎಲ್ಲ ಎರರ್‌ಗಳನ್ನೂ ಹಿಡಿದು ಸುಮ್ಮನಾಗಿಸುವ ಎರಡು ಸಾಲು ನಾವೇ ಬರೆದಿದ್ದೆವು. ಬಂದ ದೂರನ್ನೂ ಅವೇ ನುಂಗಿದವು. ಸೂಚನೆ ಇಲ್ಲದಿದ್ದರೆ ಪೈಥಾನ್ 'ವಾರ್ನಿಂಗ್' ಮತ್ತು ಅದಕ್ಕಿಂತ ಗಂಭೀರವಾದದ್ದನ್ನಷ್ಟೇ ತೋರಿಸುತ್ತೆ. ನಮ್ಮ 'ಇನ್ಫೋ' ಅಲ್ಲೇ ಮಾಯ.

ಆ ಎರಡು ಸಾಲು ತೆಗೆದು ನೋಡಿದರೂ ಬಂದದ್ದು 'ಕೀ-ಎರರ್: ಫಾರ್ಮ್ಯಾಟರ್ಸ್'. ಫೈಲ್ ಇಲ್ಲ ಅನ್ನೋ ಮಾತೇ ಇಲ್ಲ! ಯಾಕಂದ್ರೆ ಫೈಲನ್ನು ಓದುವ 'ಕಾನ್ಫಿಗ್-ಪಾರ್ಸರ್', ಫೈಲ್ ಇಲ್ಲದಿದ್ದರೆ ತೆಪ್ಪಗೆ ಮುಂದೆ ಹೋಗುತ್ತೆ. ಹಲವು ಕಡೆ ಹುಡುಕಿ, ಇದ್ದದ್ದನ್ನು ಮಾತ್ರ ಓದಲಿ ಅಂತ ಬೇಕೆಂದೇ ಹಾಗೆ ಮಾಡಿದ್ದಾರೆ. ಆಮೇಲೆ ಖಾಲಿ ಸೂಚನೆಯಲ್ಲಿ 'ಫಾರ್ಮ್ಯಾಟರ್ಸ್' ಭಾಗ ಸಿಗದೆ ಎಡವುತ್ತೆ. ಹೃದಯದ ತೊಂದರೆ ಎಡಗೈ ನೋವಾಗಿ ಕಾಣಿಸಿಕೊಳ್ಳುವ ಹಾಗೆ. 2023ರಲ್ಲಿ ಬಂದ ಪೈಥಾನ್ 3.12ರಿಂದ ಇದು ಸರಿಹೋಗಿದೆ: ಫೈಲ್ ಇಲ್ಲದಿದ್ದರೆ 'ಫೈಲ್-ನಾಟ್-ಫೌಂಡ್', ಖಾಲಿ ಇದ್ದರೆ ಅಥವಾ ಕೆಟ್ಟಿದ್ದರೆ 'ರನ್‌ಟೈಮ್-ಎರರ್'. ಜಾವಾ ಲೋಕದ ಲಾಗ್‌ಫೋರ್‌ಜೆ 2 ಕಾನ್ಫಿಗರೇಶನ್ ಸಿಗಲಿಲ್ಲ ಅಂದ್ರೆ ಎರರ್‌ಗಳನ್ನಷ್ಟೇ ಪರದೆಗೆ ಬರೆಯುತ್ತೆ. ಹಾಗೆ ಮಾಡ್ತಿದ್ದೇನೆ ಅಂತ ಹೇಳಿಯೂ ಬಿಡುತ್ತೆ.

ಹಾಗಾದ್ರೆ ಫೈಲ್ ಸಿಗದಿದ್ದರೆ ಪ್ರೋಗ್ರಾಂ ನಿಲ್ಲಬೇಕೋ, ಬೇಡವೋ? ಬ್ಯಾಂಕಿನ ಲೆಕ್ಕವಾದ್ರೆ ನಿಲ್ಲಲಿ ಅಂತೀವಿ. ಉಬ್ಬರ-ಇಳಿತ ನಮಗಾಗಿ ಕಾಯೋದಿಲ್ಲ, ಆದ್ದರಿಂದ ನಮ್ಮದು ನಿಲ್ಲಬಾರದು. ಈಗ ಹುಡುಕಾಟ ಪ್ರೋಗ್ರಾಂ ಇರುವ ಫೋಲ್ಡರಿನಿಂದಲೇ ಶುರು. ಸಿಗದಿದ್ದರೆ ಎಲ್ಲವನ್ನೂ ಒಂದು ಸಾದಾ ಲಾಗ್ ಫೈಲಿಗೆ ಬರೆಯುತ್ತೆ, ಮೊದಲ ಸಾಲಲ್ಲೇ ಹುಡುಕಿದ ಪೂರ್ತಿ ವಿಳಾಸ ಇರುತ್ತೆ. ಫೈಲ್ ಇದ್ದೂ ಒಳಗೆ ತಪ್ಪಿದ್ದರೆ ಮಾತ್ರ ಶುರುವಿನಲ್ಲೇ ನಿಲ್ಲುತ್ತೆ. ಅದು ನಮ್ಮ ಕೈತಪ್ಪು, ಆಗಲೇ ತಿದ್ದಬೇಕು.

ಆ ಮೂರು ವಾರದ ಅಂಕಿಗಳನ್ನು ಉಬ್ಬರದ ವೇಳಾಪಟ್ಟಿಯ ಜೊತೆ ಹೋಲಿಸಿದೆವು. ಉಬ್ಬರದ ತುದಿಯವನ್ನು ಉಳಿಸಿಕೊಂಡೆವು. ಗಾಳಿ, ವಾಯುಭಾರ ಎರಡೂ ನೀರಿನ ಮಟ್ಟವನ್ನು ಏರುಪೇರು ಮಾಡುವುದರಿಂದ ನಡುವಿನವನ್ನು ನಂಬುವ ಹಾಗಿರಲಿಲ್ಲ, ಬಿಟ್ಟೆವು.