ಒಂದು ದೀಪ, ಎರಡು ಸ್ವಿಚ್ಚು

ಗೆಳೆಯರೇ, ರಾತ್ರಿ ಮಾಳಿಗೆ ಹತ್ತುವಾಗ ಕೆಳಗಿನ ಸ್ವಿಚ್ಚು ಒತ್ತಿ ದೀಪ ಹಾಕುತ್ತೇವೆ. ಮೇಲೆ ಹೋದ ಮೇಲೆ ಅದನ್ನು ಆರಿಸೋದು ಹೇಗೆ? ಕೆಳಗಿಳಿದು ಆರಿಸಿದರೆ ಕತ್ತಲಲ್ಲೇ ಮೆಟ್ಟಿಲು ಹತ್ತಬೇಕು. ಹಾಗೇ ಬಿಟ್ಟರೆ ಬೆಳಗಿನ ತನಕ ಕರೆಂಟು ದಂಡ. ಮನೆಯಿಂದ ದನದ ಕೊಟ್ಟಿಗೆಗೆ ಹೋಗುವ ದಾರಿಯ ದೀಪದ್ದೂ ಇದೇ ಕಥೆ. ಇದಕ್ಕೊಂದು ಉಪಾಯವಿದೆ. ದೀಪ ಒಂದೇ, ಸ್ವಿಚ್ಚು ಎರಡು ಕಡೆ.

ಸಾದಾ ಸ್ವಿಚ್ಚು ಯಾಕೆ ಆಗೋದಿಲ್ಲ?

ಎರಡು ಸಾದಾ ಸ್ವಿಚ್ಚುಗಳನ್ನು ಸರಣಿಯಲ್ಲಿ ಜೋಡಿಸಿದರೆ ಎರಡೂ ಆನ್ ಇದ್ದಾಗ ಮಾತ್ರ ದೀಪ ಹತ್ತುತ್ತದೆ. ಮೇಲಿನವರು ಆಫ್ ಮಾಡಿ ಮಲಗಿದರೆ ಕೆಳಗಿನವರು ಎಷ್ಟು ಒತ್ತಿದರೂ ಕತ್ತಲೆಯೇ. ಸಮಾಂತರವಾಗಿ ಜೋಡಿಸಿದರೆ ಒಂದು ಆನ್ ಇದ್ದರೂ ದೀಪ ಹತ್ತುತ್ತದೆ, ಆದರೆ ಇನ್ನೊಂದರಿಂದ ಆರಿಸೋಕೆ ಆಗೋದಿಲ್ಲ.

ಟೂ ವೇ ಸ್ವಿಚ್ಚು

ಸಾದಾ ಸ್ವಿಚ್ಚಿನ ಹಿಂದೆ ತಂತಿ ಕಟ್ಟಲು 2 ಸ್ಕ್ರೂ ಇರುತ್ತವೆ, ಟೂ ವೇ ಸ್ವಿಚ್ಚಿಗೆ 3. ಅವುಗಳಲ್ಲಿ ಒಂದರ ಹೆಸರು ಕಾಮನ್. ಉಳಿದವನ್ನು 1 ಮತ್ತು 2 ಎಂದು ಕರೆಯೋಣ. ಸ್ವಿಚ್ಚು ಒತ್ತಿದಾಗ ಕಾಮನ್ ಒಮ್ಮೆ 1ಕ್ಕೆ, ಇನ್ನೊಮ್ಮೆ 2ಕ್ಕೆ ಸೇರುತ್ತದೆ. ರೈಲು ಹಳಿ ಬದಲಿಸಿದ ಹಾಗೆ!

ಜೋಡಣೆ ಹೀಗೆ: ಫೇಸ್ ತಂತಿ ಕೆಳಗಿನ ಸ್ವಿಚ್ಚಿನ ಕಾಮನ್‌ಗೆ. ಕೆಳಗಿನ 1ರಿಂದ ಮೇಲಿನ 1ಕ್ಕೆ ಒಂದು ತಂತಿ, 2ರಿಂದ 2ಕ್ಕೆ ಇನ್ನೊಂದು. ಮೇಲಿನ ಕಾಮನ್‌ನಿಂದ ದೀಪಕ್ಕೆ, ದೀಪದಿಂದ ನ್ಯೂಟ್ರಲ್‌ಗೆ.

ಕೆಳಗೆ 1, ಮೇಲೆ 1 – ಹತ್ತುತ್ತದೆ
ಕೆಳಗೆ 1, ಮೇಲೆ 2 – ಆರುತ್ತದೆ
ಕೆಳಗೆ 2, ಮೇಲೆ 2 – ಹತ್ತುತ್ತದೆ
ಕೆಳಗೆ 2, ಮೇಲೆ 1 – ಆರುತ್ತದೆ

ಎರಡೂ ಒಂದೇ ತಂತಿಯ ಮೇಲಿದ್ದರೆ ಬೆಳಕು, ಬೇರೆ ಬೇರೆಯಾದರೆ ಕತ್ತಲೆ. ಆದ್ದರಿಂದ ಯಾವುದನ್ನು ಒತ್ತಿದರೂ ದೀಪದ ಸ್ಥಿತಿ ಬದಲಾಗಲೇಬೇಕು. 3ನೇ ಜಾಗದಿಂದಲೂ ಬೇಕೆಂದರೆ ಆ ಎರಡು ತಂತಿಗಳ ನಡುವೆ 4 ಸ್ಕ್ರೂ ಇರುವ ಇಂಟರ್‌ಮೀಡಿಯೇಟ್ ಸ್ವಿಚ್ಚು ಹಾಕುತ್ತಾರೆ. ಅದು ತಂತಿಗಳನ್ನು ನೇರವಾಗಿ ಅಥವಾ ಅಡ್ಡಡ್ಡವಾಗಿ ಸೇರಿಸುತ್ತದೆ.

ಎಚ್ಚರ! ಎಚ್ಚರ!

ಕೆಳಕ್ಕೆ ಒತ್ತಿದರೆ ಆನ್, ಮೇಲಕ್ಕೆ ಆಫ್ ಅನ್ನೋದು ನಮಗೆ ರೂಢಿ. ಟೂ ವೇ ಸ್ವಿಚ್ಚಿನಲ್ಲಿ ಈ ಲೆಕ್ಕ ನಡೆಯೋದಿಲ್ಲ. ಪಟ್ಟಿ ಮತ್ತೆ ನೋಡಿ: ಕೆಳಗಿನದು 1ರಲ್ಲೇ ಇದ್ದರೂ ದೀಪ ಹತ್ತಬಹುದು, ಆರಬಹುದು. ಬಲ್ಬು ಸುಟ್ಟುಹೋದಾಗಲೇ ಅಪಾಯ. ಸ್ವಿಚ್ಚು ನೋಡಿ "ಆಫ್ ಇದೆ" ಅಂದುಕೊಂಡು ಹೋಲ್ಡರಿಗೆ ಕೈ ಹಾಕಿದರೆ ಅಲ್ಲಿ 230 ವೋಲ್ಟ್ ಇರಬಹುದು. ದೀಪ ಆರಿದ್ದರೂ ನಡುವಿನ ಎರಡು ತಂತಿಗಳಲ್ಲಿ ಒಂದರಲ್ಲಿ ಫೇಸ್ ಇದ್ದೇ ಇರುತ್ತದೆ. ಹಾಗಾಗಿ ಬಲ್ಬು ಬದಲಿಸುವ ಮುಂಚೆ ದೊಡ್ಡವರಿಗೆ ಹೇಳಿ ಮೇನ್ ಸ್ವಿಚ್ಚು ತೆಗೆಸಬೇಕು.

ಇನ್ನೊಂದು ಮಾತು. ತಂತಿ ಉಳಿಸೋಕೆ ಕೆಲವೊಮ್ಮೆ ಫೇಸ್, ನ್ಯೂಟ್ರಲ್ ಎರಡನ್ನೂ ಸ್ವಿಚ್ಚುಗಳಿಗೇ ಕೊಟ್ಟು ಜೋಡಿಸೋದುಂಟು. ದೀಪ ಸರಿಯಾಗೇ ಹತ್ತಿ ಆರುತ್ತದೆ. ಆದರೆ ಹಾಗೆ ಮಾಡಿದರೆ ದೀಪ ಆರಿದ್ದಾಗಲೂ ಹೋಲ್ಡರಿನ ಎರಡೂ ಕಡೆ ಫೇಸ್ ಇರಬಹುದು. ಸ್ವಿಚ್ಚಿಗೆ ಫೇಸ್ ಮಾತ್ರ ಬರಬೇಕು, ನ್ಯೂಟ್ರಲ್ ನೇರವಾಗಿ ದೀಪಕ್ಕೇ ಹೋಗಬೇಕು. ಮನೆಯಲ್ಲಿ ವೈರಿಂಗ್ ಮಾಡಿಸುವಾಗ ಇದನ್ನು ಕೇಳಿ.

ಮಾಡಿ ನೋಡಿ

ಮನೆಯ ಕರೆಂಟು ಬೇಡವೇ ಬೇಡ. ಟಾರ್ಚಿನ 2 ಸೆಲ್ಲು, ಒಂದು ಟಾರ್ಚ್ ಬಲ್ಬು, ತಂತಿ, ರಟ್ಟು, 6 ಹಿತ್ತಾಳೆ ಡ್ರಾಯಿಂಗ್ ಪಿನ್ನು, 2 ಜೆಮ್ ಕ್ಲಿಪ್ಪು ಸಾಕು. 3 ಪಿನ್ನು, 1 ಕ್ಲಿಪ್ಪು ಸೇರಿದರೆ ಒಂದು ಟೂ ವೇ ಸ್ವಿಚ್ಚು. ಕ್ಲಿಪ್ಪನ್ನು ಕಾಮನ್ ಪಿನ್ನಿಗೆ ಸಿಕ್ಕಿಸಿ, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿಸಿ.

ಪ್ರಶ್ನೆ: 1ರಿಂದ 2ಕ್ಕೆ, 2ರಿಂದ 1ಕ್ಕೆ ತಂತಿ ಅದಲುಬದಲಾದರೆ ಮೇಲಿನ ಪಟ್ಟಿ ಏನಾಗುತ್ತದೆ? ಮಾಡಿ ನೋಡಿ, ಉತ್ತರವನ್ನು ಈ ಹಾಳೆಯ ಕೆಳಗೆ ಅಂಟಿಸಿ.