ಬಾರದೇ ಉಳಿದ 'ಟೆಕ್ನೋ ಪಾಪ್'
ಸಿಂಡೆಲ್‌ಫಿಂಗೆನ್ ಪಕ್ಕದ ಆಟೋಬಾನ್ ನಮಗೆಲ್ಲ ಗೊತ್ತು. 1974ರಲ್ಲಿ ಅದೇ ಹೆಸರಿನ ಆಲ್ಬಮ್ ಮಾಡಿದ ಡುಸೆಲ್ಡಾರ್ಫಿನ ಕ್ರಾಫ್ಟ್‌ವೆರ್ಕ್ ತಂಡ, ಮುಂದೆ ಇನ್ನೊಂದು ಆಲ್ಬಮ್ಮನ್ನು ತಡೆಹಿಡಿದ ಕಥೆಯನ್ನು ಇಲ್ಲಿ ನೋಡೋಣ.

'ಟೆಕ್ನೋ ಪಾಪ್' 1983ರಲ್ಲಿ ಬರಬೇಕಿತ್ತು. ಆದರೆ ಅದು ಡಿಜಿಟಲ್ ಸ್ಯಾಂಪ್ಲಿಂಗ್ ಕಾಲಿಡುತ್ತಿದ್ದ ಹೊತ್ತು. ತಂಡಕ್ಕೆ ತೃಪ್ತಿಯಾಗದೆ ತಿದ್ದುತ್ತಾ ಕೂತಿತು (ನಮ್ಮ ಥೀಸಿಸ್‌ಗಳ ಹಾಗೆ!). 1986ರಲ್ಲಿ ಅದು ಬರೀ ಆರು ಹಾಡುಗಳ 'ಎಲೆಕ್ಟ್ರಿಕ್ ಕೆಫೆ' ಆಗಿ ಬಂತು.

ನಮ್ಮ ಪ್ರಕಾರ ಹೆಚ್ಚು ಪ್ರಭಾವ ಬೀರಿದ್ದು 1983ರಲ್ಲೇ ಬಿಡಿಯಾಗಿ ಬಂದ 'ಟೂರ್ ಡಿ ಫ್ರಾನ್ಸ್' ಹಾಡು. ಸೈಕಲ್ ಸದ್ದು, ಸವಾರನ ಏದುಸಿರೇ ಅದರ ತಾಳ. 1984ರ 'ಬ್ರೇಕಿನ್' ಸಿನಿಮಾದಲ್ಲಿ ಪೊರಕೆ ಹಿಡಿದು ಕುಣಿಯುವುದು ಇದಕ್ಕೇ. ಇವರ ಹಾಡು ಕೇಳಿ ಬೆಳೆದ, ನಮ್ಮೂರಂತೆ ಕಾರು ಕಟ್ಟುವ ಡೆಟ್ರಾಯಿಟ್‌ನ ಹುಡುಗರು 1988ರ ಹೊತ್ತಿಗೆ ತಮ್ಮ ಸಂಗೀತವನ್ನೇ 'ಟೆಕ್ನೋ' ಅಂದರು. ಆಲ್ಬಮ್ಮಿಗೆ ಮೂಲ ಹೆಸರು ಮರಳಿದ್ದು 2009ರಲ್ಲಿ.